ಬಂಗುಡೆ ಹೊಟ್ಟೆಯಲ್ಲಿ ಸುರುಳಿ ಸುತ್ತಿದ ಬಿಳಿ ಹುಳ: ಅನಿಸಾಕಿಸ್ ಅಂತ ಗುರುತಿಸೋದು ಹೇಗೆ?

ಚಿಕ್ಕಮಗಳೂರಿನಲ್ಲಿ ಕೊಂಡ ಬಂಗುಡೆ ಶುಚಿ ಮಾಡುವಾಗ ಕರುಳಿನ ಮೇಲೆ ಸುರುಳಿ ಸುತ್ತಿದ ನಾಲ್ಕೈದು ಬಿಳಿ ಹುಳ ಸಿಕ್ಕವು, ಇವು ಅನಿಸಾಕಿಸ್ (ಕಡಲ ಮೀನುಗಳಲ್ಲಿರುವ ಒಂದು ಪರೋಪಜೀವಿ ದುಂಡುಹುಳ) ಅಲ್ವಾ, ಮೀನು ತಿನ್ನಬಹುದಾ ಅಂತ ಕೇಳಿದ್ದೀರಿ. ಚೆನ್ನಾಗಿ ಬೇಯಿಸಿದರೆ ತಿನ್ನಬಹುದು. ಆದರೆ ಅನಿಸಾಕಿಸ್ ಹೌದೋ ಅಲ್ಲವೋ ಅನ್ನೋದನ್ನು ಸುರುಳಿ ನೋಡಿ ಹೇಳೋಕಾಗಲ್ಲ.

ನಾನು ಹಾಸನದಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಶಿರಾಡಿ ಘಾಟಿ ಹತ್ತಿ ಬರುವ ಮಂಗಳೂರಿನ ಮೀನೇ ನಮ್ಮ ಪ್ರಾಕ್ಟಿಕಲ್‌ಗೂ. ಮೊದಮೊದಲು ಸುರುಳಿ ಕಂಡ ಕೂಡಲೇ ಮಕ್ಕಳಿಗೆ ‘ಅನಿಸಾಕಿಸ್’ ಅಂತ ಬರೆಸಿಬಿಡುತ್ತಿದ್ದೆ. ಒಮ್ಮೆ ಅಂಥದ್ದೇ ಹುಳವನ್ನು ರಾತ್ರಿಯಿಡೀ ಗ್ಲಿಸರಿನ್‌ನಲ್ಲಿಟ್ಟು ನೋಡಿದೆ. ಒಳಗಿನ ರಚನೆ ಬೇರೆಯೇ ಇತ್ತು. ಬರೆಸಿದ್ದನ್ನೆಲ್ಲ ತಿದ್ದಿಸಬೇಕಾಯಿತು.

ಗುಟ್ಟು ಇರೋದು ಹುಳದ ಅನ್ನನಾಳ ಮತ್ತು ಕರುಳು ಸೇರುವ ಜಾಗದಲ್ಲಿ. ಅಲ್ಲಿ ವೆಂಟ್ರಿಕ್ಯುಲಸ್ ಅನ್ನೋ ಸಣ್ಣ ಭಾಗ ಇದೆ. ಗ್ಲಿಸರಿನ್‌ನಲ್ಲಿ ಮೈ ತಿಳಿಯಾದ ಮೇಲೆ ಮೈಕ್ರೋಸ್ಕೋಪಿನಲ್ಲಿ ಅದನ್ನೇ ಹುಡುಕಿ. ಅಲ್ಲಿಂದ ಮುಂದಕ್ಕೂ ಹಿಂದಕ್ಕೂ ಯಾವ ಚೀಲವೂ ಚಾಚಿಲ್ಲ ಅಂದರೆ ಅನಿಸಾಕಿಸ್. ಕರುಳಿನಿಂದ ತಲೆಯ ಕಡೆಗೆ ಒಂದು ಕುರುಡು ಚೀಲ (ತುದಿ ಮುಚ್ಚಿದ ಚೀಲ) ಮಾತ್ರ ಇದ್ದರೆ ಅದರ ಸಂಬಂಧಿ ಹುಳ ಸೂಡೋಟೆರನೋವಾ. ಮುಂದಕ್ಕೊಂದು, ಹಿಂದಕ್ಕೊಂದು, ಎರಡೂ ಇದ್ದರೆ ಇನ್ನೆರಡು ಸಂಬಂಧಿಗಳಾದ ಕಾಂಟ್ರಸೀಕಮ್ ಅಥವಾ ಹಿಸ್ಟೆರೊಥೈಲೇಸಿಯಮ್. ಇವೆರಡನ್ನು ಬೇರೆ ಮಾಡಲು ವಿಸರ್ಜನಾ ರಂಧ್ರ, ಅಂದರೆ ಮೈಯ ತ್ಯಾಜ್ಯ ಹೊರಹೋಗುವ ತೂತು ನೋಡಬೇಕು. ಕಾಂಟ್ರಸೀಕಮ್‌ನಲ್ಲಿ ಅದು ತುಟಿಯ ಹತ್ತಿರ, ಇನ್ನೊಂದರಲ್ಲಿ ಕೆಳಗೆ, ಅನ್ನನಾಳವನ್ನು ಸುತ್ತಿದ ನರದ ಉಂಗುರದ ಮಟ್ಟದಲ್ಲಿ. ತಲೆಯ ತುದಿಯಲ್ಲಿ ಕೊರೆಯುವ ಹಲ್ಲು ಕಂಡಿತು ಅಂತ ಸುಮ್ನೆ ಹೆಸರು ಕೊಡಬೇಡಿ, ಆ ಹಲ್ಲು ಈ ಗುಂಪಿನ ಬೇರೆ ಮರಿಹುಳಗಳಲ್ಲೂ ಇರುತ್ತದೆ.

ಇಷ್ಟು ಮಾಡಿದರೂ ಸಿಗೋದು ಕುಲದ ಹೆಸರು ಮಾತ್ರ. ಮೀನಿನಲ್ಲಿ ಸಿಗುವ ಅನಿಸಾಕಿಸ್ ಮೂರನೇ ಹಂತದ ಮರಿ. ಅದು ದೊಡ್ಡದಾಗೋದು ತಿಮಿಂಗಿಲ, ಡಾಲ್ಫಿನ್‌ಗಳ ಹೊಟ್ಟೆಯಲ್ಲಿ. ಮರಿಗೆ ಜನನಾಂಗ ಬೆಳೆದಿರಲ್ಲ, ಹಾಗಾಗಿ ಪ್ರಭೇದ ಖಚಿತವಾಗಲು ಡಿಎನ್‌ಎ ಪರೀಕ್ಷೆಯೇ ಬೇಕು.

ಇನ್ನು ಊಟದ ಮಾತು. ಬಂಗುಡೆ ಸಾರು ಕೊತಕೊತ ಕುದಿದರೆ ಹುಳ ಬದುಕಲ್ಲ. ಮೀನಿನ ಒಳಗಿನವರೆಗೂ 60 ಡಿಗ್ರಿ ಸೆಲ್ಸಿಯಸ್ ಒಂದು ನಿಮಿಷವಾದರೂ ತಾಗಬೇಕು. ಹಸಿ ತಿನ್ನುವವರಿಗೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು ಅನ್ನೋದು ಅಮೆರಿಕದ ನಿಯಮ. ಮೀನು ಬರುವ ಐಸ್ ಪೆಟ್ಟಿಗೆಯಿಂದ ಅದು ಆಗಲ್ಲ. ಉಪ್ಪು, ನಿಂಬೆರಸ ಹಚ್ಚಿ ಅರ್ಧ ಗಂಟೆ ಇಟ್ಟರೂ ಸಾಯಲ್ಲ. ಮೀನು ತಂದ ತಕ್ಷಣ ಕರುಳು ತೆಗೆಯಿರಿ, ತಡವಾದರೆ ಹುಳ ಕರುಳಿನಿಂದ ಮಾಂಸಕ್ಕೆ ಹೋಗಬಹುದು. ಬೇಯಿಸಿದ ಮೀನು ತಿಂದ ಮೇಲೂ ಮೈಮೇಲೆ ದದ್ದು ಎದ್ದರೆ ಡಾಕ್ಟರಿಗೆ ತೋರಿಸಿ. ಸತ್ತ ಹುಳದಿಂದಲೂ ಕೆಲವರಿಗೆ ಅಲರ್ಜಿ ಆಗುತ್ತದೆ.

ಹುಳ ಇನ್ನೂ ಇದೆಯಾ? ಬಿಸಿ ಉಪ್ಪುನೀರಿಗೆ ಹಾಕಿ, ಸುರುಳಿ ಬಿಚ್ಚಿಕೊಳ್ಳುತ್ತದೆ. ಆಮೇಲೆ 70 ಶೇಕಡಾ ಸ್ಪಿರಿಟ್‌ನಲ್ಲಿಡಿ. ಫಾರ್ಮಲಿನ್ ಬೇಡ, ಡಿಎನ್‌ಎ ಕೆಡುತ್ತದೆ. ಯಾವ ಮೀನು, ಯಾವ ದಿನ, ಕರುಳಿನಲ್ಲೋ ಮಾಂಸದಲ್ಲೋ ಅಂತ ಚೀಟಿ ಬರೆದು ಶೀಶೆಯೊಳಗೇ ಹಾಕಿ. ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ.