ಪಾಸ್ಟರಮ್ಮನಿಗೆ ಪ್ರಶ್ನೆ ಕೇಳುವ ಕೆಲಸ ಬೇಡ

ನಮಸ್ಕಾರ.

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಸುಮ್ನೆ ಓದುಗಾರ್ತಿಯಾಗಿ, ಎರಡನೇ ಸಲ ಪೆನ್ಸಿಲ್ ಹಿಡಿದು. ನೇರವಾಗಿ ಹೇಳುತ್ತೇನೆ: ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಬೇಡ ಅನ್ನುವುದಾಗಿದ್ದರೆ ಎರಡು ಸಾಲಲ್ಲಿ ಮುಗಿಸುತ್ತಿದ್ದೆ. ಇಷ್ಟುದ್ದ ಬರೆಯುತ್ತಿರುವುದು ಇದರಲ್ಲಿ ಒಂದು ಒಳ್ಳೆಯ ಪುಸ್ತಕ ಇದೆ ಅಂತ ನನಗೆ ನಂಬಿಕೆ ಬಂದಿರುವುದರಿಂದ.

ಉಡುಪಿ ಕಡೆಯ ಒಂದು ಊರು, ಅಲ್ಲೊಂದು ಹಳೆಯ ಬಾಸೆಲ್ ಮಿಷನ್ ಸಭೆ, ಅಂದರೆ ಪ್ರೊಟೆಸ್ಟೆಂಟ್ ಕ್ರೈಸ್ತರ ಸಭೆ. ಆರು ತಿಂಗಳ ಹಿಂದೆ ವರ್ಗವಾಗಿ ಬಂದ ಸಭಾಪಾಲಕರ ಹೆಂಡತಿ ಸುವಾಸಿನಿ. ಬೆಳೆ ಹಬ್ಬದ ದಿನ, ಜನ ಸಭೆಗೆ ತಂದುಕೊಟ್ಟದ್ದರ ಏಲಂ ಮುಗಿಯುವ ಹೊತ್ತಿಗೆ ಸಭೆಯ ಖಜಾಂಚಿ ಚಹಾ ಕುಡಿದು ಕುಸಿದು ಸಾಯುತ್ತಾರೆ. ಎಲ್ಲರೂ ಹೃದಯಾಘಾತ ಅನ್ನುತ್ತಾರೆ, ಸುವಾಸಿನಿ ಒಪ್ಪುವುದಿಲ್ಲ. ರಕ್ತ ಇಲ್ಲ, ಬಂದೂಕು ಇಲ್ಲ, ಎಲ್ಲರಿಗೂ ಎಲ್ಲರೂ ಗೊತ್ತಿರುವ ಒಂದು ಸಣ್ಣ ಸಮುದಾಯ. ಪಾಸ್ಟರಮ್ಮನನ್ನು ಪತ್ತೇದಾರಳಾಗಿ ಮಾಡಿದ್ದೇ ನಿಮ್ಮ ದೊಡ್ಡ ಗೆಲುವು. ಹಾಗೆ ಮಾಡಿ ಆಕೆಯನ್ನು ಬಳಸಿಕೊಳ್ಳದೆ ಇದ್ದದ್ದು ದೊಡ್ಡ ತಪ್ಪು.

ನಾಲ್ಕನೇ ಅಧ್ಯಾಯದಿಂದ ಸುವಾಸಿನಿ ಸ್ಕೂಟರ್ ಹತ್ತಿ ಮನೆಮನೆಗೆ ಹೋಗಿ "ಆ ದಿನ ಹನ್ನೊಂದು ಗಂಟೆಗೆ ನೀವು ಎಲ್ಲಿದ್ದಿರಿ?" ಅಂತ ಕೇಳುತ್ತಾಳೆ. ಜನ ಉತ್ತರ ಕೊಡುತ್ತಾರೆ. ಯಾಕೆ ಕೊಡುತ್ತಾರೆ? ಇನ್‌ಸ್ಪೆಕ್ಟರ್ ಕೇಳಬೇಕಾದ ಪ್ರಶ್ನೆ ಅದು. ಸಭಾಪಾಲಕರ ಹೆಂಡತಿ ಹಾಗೆ ಕೇಳಿದರೆ ಸಂಜೆಯೊಳಗೆ ಸಭೆಯ ಕಮಿಟಿಗೆ ಸುದ್ದಿ ಹೋಗಿ, ಮರುದಿನ ಅಯ್ಯನವರಿಗೆ, ಅಂದರೆ ಸಭಾಪಾಲಕರಿಗೆ, ಒಬ್ಬರು ಹಿರಿಯರು ಬಂದು "ಅಮ್ಮನಿಗೆ ಸ್ವಲ್ಪ ಹೇಳಿ" ಅಂದಿರುತ್ತಾರೆ.

ಆಕೆ ಕೇಳಬೇಕಾಗೇ ಇಲ್ಲ ಅಲ್ವಾ? ಜನ ತಾವಾಗಿ ಬಂದು ಹೇಳುತ್ತಾರೆ. ನನ್ನ ಅಜ್ಜಿಯ ಮನೆಯ ಪಕ್ಕದಲ್ಲೇ ಪಾರ್ಸನೇಜ್, ಅಂದರೆ ಸಭಾಪಾಲಕರ ಮನೆ, ಇತ್ತು. ಬೆಳಗ್ಗೆ ಆರಕ್ಕೆ ಸಾವಿನ ಸುದ್ದಿ ತಂದವರಿಗೂ, ಮಗಳ ಮದುವೆ ಮುರಿದದ್ದನ್ನು ಹೇಳಲು ಬಂದು ಹೇಳಲಾಗದೆ ಅರ್ಧ ಗಂಟೆ ಮಳೆಯ ಮಾತಾಡಿದವರಿಗೂ ಆ ಅಮ್ಮ ಚಹಾ ಮಾಡಿ ಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಯ್ಯನವರು ಹೊರಗೆ ಹೋಗಿದ್ದರೆ ಇನ್ನೂ ಜಾಸ್ತಿ ಹೇಳುತ್ತಿದ್ದರು. ಆಕೆಗೆ ಸಂಬಳ ಇಲ್ಲ, ಹುದ್ದೆ ಇಲ್ಲ. ಆದರೆ ಸಂಡೇಸ್ಕೂಲು, ಸ್ತ್ರೀಯರ ಕೂಟ, ರೋಗಿಗಳ ಭೇಟಿ, ಬೀರುವಿನ ಕೀಲಿಕೈ ಎಲ್ಲ ಆಕೆಯ ಕೈಯಲ್ಲಿ. ಊರಿಗೆ ಹೊಸಬಳು, ಹಾಗಾಗಿ ಬೇರೆಯವರಿಗೆ ರೂಢಿಯಾಗಿ ಕಾಣದೇ ಹೋದದ್ದು ಆಕೆಗೆ ಕಾಣುತ್ತದೆ. ಅದೇ ಹೊತ್ತಿಗೆ ಪ್ರತಿ ಮನೆಯ ಅಡುಗೆಕೋಣೆಯವರೆಗೂ ಹೋಗಬಹುದು. ಇಂಥ ಜಾಗ ಊರಲ್ಲಿ ಇನ್ಯಾರಿಗೂ ಇಲ್ಲ.

ಹಾಗಾದರೆ ಆಕೆಯ ಕಷ್ಟ ಏನು? ಸುದ್ದಿ ತಿಳಿಯುವುದಲ್ಲ. ತಿಳಿದದ್ದನ್ನು ಏನು ಮಾಡುವುದು ಅನ್ನುವುದು. ನಿಮ್ಮ ಹನ್ನೊಂದನೇ ಅಧ್ಯಾಯದಲ್ಲಿ ಆ ವಿಧವೆ ಪ್ರಾರ್ಥನೆ ಮುಗಿದ ಮೇಲೆ ಸುವಾಸಿನಿಯ ಕೈ ಹಿಡಿದು, ಖಜಾಂಚಿಯ ಮೇಜಿನಿಂದ ದುಡ್ಡು ತೆಗೆದದ್ದು ತನ್ನ ಮಗನೇ ಅಂತ ಅಳುತ್ತಾಳೆ. ಇಡೀ ಪುಸ್ತಕದ ಜೀವ ಅಲ್ಲಿದೆ. ನೀವು ಏನು ಮಾಡಿದಿರಿ? ಮುಂದಿನ ಪ್ಯಾರಾದಲ್ಲೇ ಸುವಾಸಿನಿ ಇನ್‌ಸ್ಪೆಕ್ಟರಿಗೆ ಫೋನ್ ಮಾಡುತ್ತಾಳೆ! ನನಗೆ ಓದುತ್ತಾ ನಿಜವಾಗಿ ನೋವಾಯಿತು. ಆ ರಾತ್ರಿ ಆಕೆಗೆ ನಿದ್ದೆ ಬರಬಾರದಿತ್ತು. ಗಂಡನಿಗೆ ಹೇಳಬೇಕೇ, ಹೇಳಿದರೆ ಅವರು ಮುಂದಿನ ಭಾನುವಾರ ಆ ಹುಡುಗನನ್ನು ಹೇಗೆ ನೋಡುತ್ತಾರೆ, ಹೇಳದಿದ್ದರೆ ತಪ್ಪು ಮಾಡದವರ ಮೇಲೆ ಅನುಮಾನ ಹೋಗುತ್ತದಲ್ಲ, ಮತ್ತೆ ಈ ಮನೆಯೇ ಸಭೆಯದು, ಜನ ತಿರುಗಿ ಬಿದ್ದರೆ ಮಕ್ಕಳ ಶಾಲೆ ವರ್ಷದ ನಡುವೆ ಬಿಡಿಸಿ ಎಲ್ಲಿಗೆ ಹೋಗುವುದು. ಇದನ್ನು ಬರೆಯಿರಿ. ಎರಡು ಅಧ್ಯಾಯ ಬೇಕಾದರೂ ತಗೊಳ್ಳಿ.

ಗುಟ್ಟು ಕೇಳಿಸಿಕೊಳ್ಳುವ ವಿಷಯದಲ್ಲೇ ಒಂದು ತಪ್ಪು. ಆರನೇ ಅಧ್ಯಾಯದಲ್ಲಿ ಅಯ್ಯನವರನ್ನು ಎಲ್ಲರೂ "ಫಾದರ್" ಅನ್ನುತ್ತಾರೆ, ಚರ್ಚಿನ ಮೂಲೆಯಲ್ಲಿ ಪಾಪನಿವೇದನೆಯ ಪೆಟ್ಟಿಗೆ ಇದೆ, ಅದರ ಪರದೆಯ ಹಿಂದಿನಿಂದ ಸುವಾಸಿನಿ ಮಾತು ಕೇಳಿಸಿಕೊಳ್ಳುತ್ತಾಳೆ. ಅದು ಕ್ಯಾಥೊಲಿಕರ ಪದ್ಧತಿ. ಅವರ ಪಾದ್ರಿಗಳಿಗೆ ಹೆಂಡತಿ ಇರುವುದಿಲ್ಲ, ಬಾಸೆಲ್ ಮಿಷನ್ ಸಭೆಯಲ್ಲಿ ಆ ಪೆಟ್ಟಿಗೆ ಇರುವುದಿಲ್ಲ. ಇಲ್ಲಿ ತಪ್ಪೊಪ್ಪಿಗೆಯನ್ನು ಆರಾಧನೆಯಲ್ಲಿ ಎಲ್ಲರೂ ಒಟ್ಟಿಗೆ ಹೇಳುತ್ತಾರೆ. ಮಂಗಳೂರು-ಉಡುಪಿಯ ಓದುಗರು ಈ ಪುಟದಲ್ಲೇ ಪುಸ್ತಕ ಮುಚ್ಚುತ್ತಾರೆ. ಪೆಟ್ಟಿಗೆ ತೆಗೆದುಬಿಡಿ. ಗುಟ್ಟು ಅಡುಗೆಕೋಣೆಯಲ್ಲೇ ಹೊರಬರಲಿ. ಆಗ ಆಕೆಯ ಬಾಯಿ ಕಟ್ಟುವುದು ಯಾವ ನಿಯಮವೂ ಅಲ್ಲ, ನಂಬಿ ಹೇಳಿದರು ಅನ್ನುವುದೊಂದೇ. ಅದು ಇನ್ನೂ ಭಾರ.

ಪೊಲೀಸ್ ಭಾಗ ಪೂರ್ತಿ ತಿರುಗಿ ಬರೆಯಬೇಕು. ಮರಣೋತ್ತರ ಪರೀಕ್ಷೆಯ ವರದಿಯನ್ನು ಇನ್‌ಸ್ಪೆಕ್ಟರ್ ಎರಡೇ ಗಂಟೆಯಲ್ಲಿ ಸುವಾಸಿನಿಯ ಕೈಗೆ ಕೊಡುವುದು ನಡೆಯದ ಮಾತು. ಹೃದಯಾಘಾತ ಅಂತ ಎಲ್ಲರೂ ಒಪ್ಪಿದ್ದರೆ ಪರೀಕ್ಷೆಯೇ ಇಲ್ಲ, ಮಣ್ಣು ಮಾಡುತ್ತಾರೆ ಅಷ್ಟೇ. ಮನೆಯವರು ಯಾರಾದರೂ ಅನುಮಾನ ಅಂತ ದೂರು ಕೊಟ್ಟರೆ ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ಆಗುತ್ತದೆ. ನಿಮ್ಮ ಕಥೆ ನಡೆಯುವುದು 2025ರಲ್ಲಿ, ಆದರೆ ಇನ್‌ಸ್ಪೆಕ್ಟರ್ ಇನ್ನೂ ಸಿಆರ್‌ಪಿಸಿ 174 (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್) ಅನ್ನುತ್ತಾರೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಸೆಕ್ಷನ್ ಓದಿ ನೋಡಿ, ಅದರಲ್ಲೇ ನಿಮಗೆ ಬೇಕಾದ ಬಾಗಿಲು ಇದೆ. ಶವದ ಪಂಚನಾಮೆ ಮಾಡುವಾಗ ನೆರೆಹೊರೆಯ ಇಬ್ಬರಾದರೂ ಗೌರವಸ್ಥರು ಎದುರಿಗಿರಬೇಕು. ಊರಲ್ಲಿ ಪೊಲೀಸರು ಯಾರನ್ನು ಕರೆಯುತ್ತಾರೆ? ಸಭಾಪಾಲಕರನ್ನೇ ಕರೆಯಬಹುದು! ಅಯ್ಯನವರು ನೋಡಿ, ಸಹಿ ಹಾಕಿ, ರಾತ್ರಿ ಮನೆಗೆ ಬಂದು ಊಟ ಸೇರದೆ ತಟ್ಟೆ ಮುಂದೆ ಕೂತಿರುತ್ತಾರೆ. ಸುವಾಸಿನಿಗೆ ಬೇಕಾದ ಮೊದಲ ಸುಳಿವು ಆ ಊಟದ ಮೇಜಿನ ಮೇಲೆ ಬರಲಿ. ಇನ್ನು ವಿಸೆರಾ ವರದಿ, ಅಂದರೆ ಒಳಾಂಗಗಳಲ್ಲಿ ವಿಷ ಇದೆಯೇ ಅಂತ ನೋಡಿದ ವರದಿ, ಪ್ರಯೋಗಾಲಯದಿಂದ ಬರುವುದು ವಾರಗಳ, ಕೆಲವೊಮ್ಮೆ ತಿಂಗಳುಗಳ ಮಾತು. ಆ ಕಾಯುವ ಕಾಲವೇ ನಿಮ್ಮ ಕಾದಂಬರಿ ನಡೆಯುವ ಕಾಲ. ಪೊಲೀಸರು ದಡ್ಡರಾಗಬೇಕಾಗಿಲ್ಲ, ಅವರ ಹತ್ತಿರ ಕಾಗದ ಇನ್ನೂ ಬಂದಿಲ್ಲ, ಸಾಕು.

ವಿಷಕ್ಕೆ ಬರೋಣ. ಕಣಗಿಲೆ ಆರಿಸಿದ್ದು ಸರಿ, ಕರಾವಳಿಯ ಅಂಗಳದಲ್ಲೆಲ್ಲ ಇರುವ ಗಿಡ. ಆದರೆ ಚಹಾ ಕುಡಿದು ಎರಡೇ ನಿಮಿಷಕ್ಕೆ ಸಾಯುವುದು ಸಿನಿಮಾದಲ್ಲಿ. ಅದು ಕಹಿ. ಮೊದಲು ವಾಂತಿ, ಹೊಟ್ಟೆನೋವು, ಆಮೇಲೆ ಹೃದಯದ ಬಡಿತ ತಪ್ಪುವುದು, ಇದಕ್ಕೆಲ್ಲ ಗಂಟೆಗಟ್ಟಲೆ ಹಿಡಿಯಬಹುದು. ಇದನ್ನು ಸರಿಮಾಡಿದರೆ ನಿಮಗೆ ಲಾಭವೇ. ಎಲ್ಲರೂ ಹನ್ನೊಂದು ಗಂಟೆಯ ಚಹಾದ ಮೇಲೆ ಕಣ್ಣಿಟ್ಟಿರುವಾಗ, ವಿಷ ಹೋದದ್ದು ಬೆಳಗ್ಗೆ ಆರಾಧನೆಗೆ ಮುಂಚೆ ಅಂತಾದರೆ, ಅಲ್ಲಿಯವರೆಗೆ ಅನುಮಾನವೇ ಬಾರದವರೆಲ್ಲ ಲೆಕ್ಕಕ್ಕೆ ಬರುತ್ತಾರೆ. ಆರಾಧನೆಯ ಮಧ್ಯೆ ಖಜಾಂಚಿ ಎದ್ದು ಹೊರಗೆ ಹೋಗಿ ವಾಂತಿ ಮಾಡಿ ಬಂದದ್ದನ್ನು ಹಿಂದಿನ ಬೆಂಚಿನ ಮಕ್ಕಳು ಮಾತ್ರ ನೋಡಿರಲಿ. ಮಕ್ಕಳು ಅದನ್ನು ಹೇಳುವುದು ಸಂಡೇಸ್ಕೂಲಿನ ಟೀಚರಿಗೆ ಅಲ್ವಾ? ಆ ಟೀಚರು ಯಾರು ಅಂತ ನಿಮಗೆ ಗೊತ್ತು.

ಇನ್ನು ಜಾಗದ ಕಾಗದ. ಸ್ಮಶಾನದ ಪಕ್ಕದ ಜಾಗ ತಮ್ಮದು ಅಂತ ಒಂದು ಕುಟುಂಬ ತೋರಿಸುವ 1938ರ ರಸೀದಿಯ ಮೇಲೆ ನೀವು "ಸಿ.ಎಸ್.ಐ." ಮೊಹರು ಒತ್ತಿಸಿದ್ದೀರಿ, ಸುವಾಸಿನಿ ಅದನ್ನು ನಿಜವಾದ ದಾಖಲೆ ಅಂತ ಒಪ್ಪುತ್ತಾಳೆ. ಸಿ.ಎಸ್.ಐ. ಅಂದರೆ ದಕ್ಷಿಣ ಭಾರತ ಸಭೆ, ಅದು ಹುಟ್ಟಿದ್ದೇ 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. 1938ರಲ್ಲಿ ಆ ಮೊಹರು ಇರಲು ಸಾಧ್ಯವೇ ಇಲ್ಲ. ನಾನು ಮೊದಲು ಇದನ್ನು ನಿಮ್ಮ ತಪ್ಪು ಅಂತ ಗುರುತು ಹಾಕಿದೆ, ಆಮೇಲೆ ಪೆನ್ಸಿಲ್ ಕೆಳಗಿಟ್ಟು ಸುಮಾರು ಹೊತ್ತು ಯೋಚಿಸಿದೆ. ತಿದ್ದಬೇಡಿ! ಅದನ್ನು ಕೊಲೆಗಾರನ ತಪ್ಪು ಮಾಡಿ. ರಸೀದಿ ಖೋಟಾ, ಖಜಾಂಚಿಗೆ ಅದು ಗೊತ್ತಾಯಿತು, ಅದಕ್ಕೇ ಸತ್ತರು. ಸಭೆಯ ಬೀರುವಿನ ಹಳೆಯ ರಿಜಿಸ್ಟರುಗಳನ್ನು ಬಿಸಿಲಿಗೆ ಹಾಕಿ ಧೂಳು ಕೊಡವುವ ಕೆಲಸ ಯಾರ ಪಾಲಿಗೆ ಬರುತ್ತದೋ ಅವರ ಕಣ್ಣಿಗೇ ಇದು ಬೀಳಬೇಕು. ಆ ರಿಜಿಸ್ಟರುಗಳಲ್ಲಿ ಒಂದರ ಮೇಲೆ 1821 ಅಂತ ಬರೆದಿದ್ದೀರಲ್ಲ, ಅದನ್ನು ಮಾತ್ರ ತಿದ್ದಿ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದೇ 1834ರಲ್ಲಿ.

ಈ ಮೊಹರನ್ನು ಓದುಗರಿಗೂ ಮೊದಲೇ ತೋರಿಸಿ, ದಯವಿಟ್ಟು. ಹತ್ತೊಂಬತ್ತನೇ ಅಧ್ಯಾಯದಲ್ಲಿ ಸುವಾಸಿನಿ ಒಂದು ಪತ್ರ ಓದಿ ನಗುತ್ತಾಳೆ, ಅದರಲ್ಲಿ ಏನಿತ್ತು ಅಂತ ನಮಗೆ ಗೊತ್ತಾಗುವುದು ಇಪ್ಪತ್ತೇಳರಲ್ಲಿ. ಇದು ಮೋಸ. ರೊನಾಲ್ಡ್ ನಾಕ್ಸ್ ಅನ್ನುವ ಇಂಗ್ಲೆಂಡಿನ ಪಾದ್ರಿಯೊಬ್ಬರು ಪತ್ತೇದಾರಿ ಕಥೆಗಳನ್ನೂ ಬರೆಯುತ್ತಿದ್ದರು. 1929ರಲ್ಲಿ ಅವರು ಇಂಥ ಕಥೆಗಳಿಗೆ ಹತ್ತು ನಿಯಮ ಹಾಕಿದರು. ಪತ್ತೇದಾರನಿಗೆ ಸಿಕ್ಕ ಸುಳಿವು ಆಗಲೇ ಓದುಗರಿಗೂ ಕಾಣಬೇಕು ಅನ್ನುವುದು ಅವುಗಳಲ್ಲಿ ಒಂದು. ಉಳಿದ ಒಂಬತ್ತರಲ್ಲಿ ಕೆಲವು ಹಳತಾಗಿವೆ, ಇದು ಆಗಿಲ್ಲ. ಐದನೇ ಅಧ್ಯಾಯದಲ್ಲೇ ಕಮಿಟಿಯವರು ಆ ರಸೀದಿಯನ್ನು ಕೈಯಿಂದ ಕೈಗೆ ದಾಟಿಸಲಿ, ವರ್ಷ ಮತ್ತು ಮೊಹರು ಎರಡೂ ಒಂದೇ ವಾಕ್ಯದಲ್ಲಿ ಬರಲಿ, ಅಷ್ಟರಲ್ಲಿ ಯಾರೋ ಬಿಸ್ಕತ್ತು ಬೇಕಾ ಅಂತ ಕೇಳಲಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮ್ಮ ಸಂಭಾಷಣೆ ಚೆನ್ನಾಗಿದೆ. ವರ್ಣನೆ ಬಂದಾಗ ಮಾತ್ರ ನೀವು ಬೇರೆ ಯಾರೋ ಆಗಿಬಿಡುತ್ತೀರಿ, "ನಿಶೆಯ ನೀರವತೆ" ಎಲ್ಲ ಬೇಡ.

ಏಲಂ ನಡೆಯುವ ಅಧ್ಯಾಯ ಈಗ ತೊಂಬತ್ತನೇ ಪುಟದಲ್ಲಿ ನೆನಪಿನ ರೂಪದಲ್ಲಿ ಬರುತ್ತದೆ. ಅದು ಮೊದಲ ಅಧ್ಯಾಯ ಆಗಬೇಕು. ಕುಂಬಳಕಾಯಿ, ಊರಿನ ಕೋಳಿ, ಯಾರೋ ಅಜ್ಜಿ ತಂದ ಆರು ಮೊಟ್ಟೆ, ಆಮೇಲೆ ಆ ಬಾಳೆಗೊನೆ. ಎರಡು ಕುಟುಂಬಗಳು ಹಟ ಹಿಡಿದು ಒಂದು ಗೊನೆಯನ್ನು ನಾಲ್ಕು ಸಾವಿರಕ್ಕೆ ಏರಿಸುವಾಗ ಸಭೆ ನಗುತ್ತದೆ, ಪ್ರತಿ ವರ್ಷ ತಾನೇ ಕೊನೆಯ ಕೂಗು ಕೂಗುವ ಖಜಾಂಚಿ ಈ ವರ್ಷ ಹಣೆಯ ಬೆವರು ಒರೆಸಿಕೊಳ್ಳುತ್ತಾ ಸುಮ್ಮನೆ ಕೂತಿರುತ್ತಾರೆ, ಚಹಾದ ಕೆಟಲ್ ಹಿಡಿದ ಸುವಾಸಿನಿ ಒಬ್ಬಳೇ ಅದನ್ನು ಗಮನಿಸುತ್ತಾಳೆ. ಎಷ್ಟು ಚೆನ್ನಾಗಿ ಬರೆದಿದ್ದೀರಿ! ಇಡೀ ಹಸ್ತಪ್ರತಿಯಲ್ಲಿ ನಾನು ಪೆನ್ಸಿಲ್ ತಾಗಿಸದ ಪುಟಗಳು ಇವೇ.

ಮೊದಲ ಮೂರು ಅಧ್ಯಾಯ ಮತ್ತು ಆ ವಿಧವೆಯ ಅಧ್ಯಾಯ, ಈ ನಾಲ್ಕನ್ನು ಮಾತ್ರ ಹೊಸದಾಗಿ ಬರೆದು ನನಗೆ ಕಳಿಸಿ. ಅವಸರ ಬೇಡ, ಮಳೆಗಾಲ ಮುಗಿಯಲಿ. ಏಲಂ ಭಾಗವನ್ನು ಎತ್ತಿ ಮುಂದಕ್ಕೆ ಇಡುವಾಗ ಒಂದಕ್ಷರವನ್ನೂ ಬದಲಿಸಬೇಡಿ.