ಏಳೂಕಾಲರ ಬಸ್ಸು, ಹೊಟ್ಟೆನೋವು

ಆಕೆಗೆ 31 ವರ್ಷ. ಬೇಲೂರು ಕಡೆಯ ಹಳ್ಳಿಯಿಂದ ದಿನಾ ಏಳೂಕಾಲರ ಬಸ್ಸಿಗೆ ಹಾಸನಕ್ಕೆ ಬರುವ ಅತಿಥಿ ಶಿಕ್ಷಕಿ. (ಗುರುತು ಸಿಗದಿರಲೆಂದು ವಿವರಗಳನ್ನು ಬದಲಿಸಿದ್ದೇನೆ.) ಗಂಡನ ಜೊತೆ ನನ್ನ ಬಳಿ ಸಲಹೆಗೆ ಬಂದು ಕೂತವರು ಮೊದಲು ತೆಗೆದದ್ದು ರಿಪೋರ್ಟುಗಳ ಕಟ್ಟು. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲವೂ ನಾರ್ಮಲ್.

"ಏನೂ ಇಲ್ಲ ಅಂತಾರೆ ಮೇಡಂ. ಏನೂ ಇಲ್ದಿದ್ರೆ ಯಾಕೆ ಹಿಂಗೆ ಹಿಂಡ್ತದೆ?" ಎಂದು ಹೊಕ್ಕುಳ ಕೆಳಗೆ ಕೈಯಿಟ್ಟು ತೋರಿಸಿದರು.

ಮನೆಯಿಂದ ಹೊರಡುವ ಹೊತ್ತಿಗೆ ಹೊಟ್ಟೆ ಮುರಿತ ಶುರು. ಎರಡು ಮೂರು ಸಲ ಹೋಗಿ ಬಂದರೆ ಇಳಿಯುತ್ತದೆ. ಆದರೆ ಬಸ್ ಹತ್ತಿದ ಮೇಲೆ ಮತ್ತೆ ಬಂದರೆ? ಒಮ್ಮೆ ದಾರಿ ಮಧ್ಯದ ಹಗರೆಯಲ್ಲೇ ಇಳಿದು, ಗುರುತು ಪರಿಚಯವಿಲ್ಲದ ಮನೆಯ ಬಾಗಿಲು ತಟ್ಟಿದ್ದರು. ಅಂದಿನಿಂದ ತಿಂಡಿ ಬಿಟ್ಟರು. ಖಾಲಿ ಹೊಟ್ಟೆಗೆ ಎರಡು ಲೋಟ ಕಾಫಿ, ಮೆಡಿಕಲ್‌ನಲ್ಲಿ ಕೇಳಿ ತಂದ ಗ್ಯಾಸ್ ಮಾತ್ರೆ, ರಾತ್ರಿ ಹಸಿವಿಗೆ ತಟ್ಟೆ ತುಂಬ ಊಟ. "ಕೆಲಸಕ್ಕೆ ಹೋಗೋ ಹೊತ್ತಿಗೇ ಬತ್ತದಲ್ಲ ನಿಂಗೆ" ಎಂಬ ಅತ್ತೆಯ ಮಾತು ಬೇರೆ.

ನಾನು ಮೊದಲು ಕೇಳಿದ್ದು: ಮಲದಲ್ಲಿ ರಕ್ತ ಬಂದಿದೆಯೇ, ತೂಕ ಇಳಿದಿದೆಯೇ, ಜ್ವರ, ರಕ್ತಹೀನತೆ ಇದೆಯೇ, ನೋವು ನಿದ್ದೆಯಿಂದ ಎಬ್ಬಿಸುತ್ತದೆಯೇ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದೆಯೇ. ಒಂದಕ್ಕೆ ಹೌದು ಎಂದರೂ ಮತ್ತೆ ವೈದ್ಯರ ಬಳಿಗೇ ಕಳಿಸುತ್ತಿದ್ದೆ. ಯಾವುದೂ ಇರಲಿಲ್ಲ. ವೈದ್ಯರ ಚೀಟಿಯಲ್ಲಿ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಬೇಗ ಕೆರಳುವ ಕರುಳಿನ ತೊಂದರೆ) ಎಂದಿತ್ತು, ಅದೇನೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಮನೆಯಲ್ಲಿ ಅದು 'ಗ್ಯಾಸ್ಟ್ರಿಕ್' ಆಗಿಯೇ ಉಳಿದಿತ್ತು. ನಮ್ಮ ಕಡೆ ಎದೆಯುರಿಗೂ ಗ್ಯಾಸ್ಟ್ರಿಕ್, ಮಲಬದ್ಧತೆಗೂ ಗ್ಯಾಸ್ಟ್ರಿಕ್, ಒಮ್ಮೊಮ್ಮೆ ಹೃದಯಾಘಾತದ ನೋವಿಗೂ ಅದೇ ಹೆಸರು. ಈ ಪದ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಳೆಯ ಮೇಲೆ ಚಿತ್ರ ಬರೆದೆ. ಜಠರ ಆಹಾರವನ್ನು ಆಮ್ಲದಲ್ಲಿ ಕಲಸಿ ಸ್ವಲ್ಪಸ್ವಲ್ಪವೇ ಕೆಳಗೆ ಬಿಡುತ್ತದೆ. ಸುಮಾರು 20 ಅಡಿಯ ಸಣ್ಣಕರುಳು ಸತ್ವ ಹೀರುತ್ತದೆ, 5 ಅಡಿಯ ದೊಡ್ಡಕರುಳು ಉಳಿದ ನೀರನ್ನು. ಇದನ್ನೆಲ್ಲ ಮುಂದಕ್ಕೆ ತಳ್ಳುವ ಕರುಳಿನ ಗೋಡೆಯಲ್ಲೇ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ವೇಗಸ್ ಎಂಬ ನರ ಅವನ್ನು ಮೆದುಳಿನ ಜೊತೆ ಬೆಸೆದಿದೆ. ಹೆದರಿದಾಗ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಅನ್ನುತ್ತೇವಲ್ಲ, ಅದು ಬರೀ ಮಾತಲ್ಲ. ಐಬಿಎಸ್ ಇರುವವರಲ್ಲಿ ಆ ನರಗಳು ಇನ್ನೂ ಸೂಕ್ಷ್ಮ, ಬೇರೆಯವರಿಗೆ ಗೊತ್ತೇ ಆಗದ ಗಾಳಿ ಇವರಿಗೆ ನೋವಾಗುತ್ತದೆ. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡೀತು, ಈ ಸೂಕ್ಷ್ಮತೆ ಕಾಣದು.

"ಹಂಗಾದ್ರೆ ನಾನು ಸುಳ್ಳು ಹೇಳ್ತಿಲ್ಲ ಅಲ್ವಾ" ಎಂದು ಅತ್ತರು. ಗಂಡ ಆ ಚಿತ್ರದ ಫೋಟೊ ತೆಗೆದುಕೊಂಡರು.

ಊಟ ಜಠರಕ್ಕೆ ಬಿದ್ದ ಮೇಲೆ ದೊಡ್ಡಕರುಳು ಕದಲುವುದು ಸಹಜ, ಬೆಳಿಗ್ಗೆ ಅದು ಇನ್ನೂ ಜೋರು. ಆದ್ದರಿಂದ ಉಪವಾಸ ಬೇಡ, ಕರುಳಿಗೆ ಸಮಯ ಕೊಡಿ ಎಂದೆ. ಐದೂವರೆಗೆ ಎದ್ದು, ಆರಕ್ಕೆ ಒಂದು ಅಕ್ಕಿರೊಟ್ಟಿ ತಿಂದು, ಅವಸರವಿಲ್ಲದೆ ಶೌಚ ಮುಗಿಸುವುದು. ಕಾಫಿಯೂ ದೊಡ್ಡಕರುಳನ್ನು ಕೆಣಕುವುದರಿಂದ ಒಂದೇ ಲೋಟ, ಅದೂ ತಿಂಡಿಯಾದ ಮೇಲೆ. ಜನವರಿ ತಿಂಗಳು, ಮನೆತುಂಬ ಅವರೆಕಾಯಿ. ಅವರೆಕಾಳಿನ ಕೆಲವು ಸಕ್ಕರೆಯಂಶಗಳು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸಿ ಗಾಳಿ ಮಾಡುತ್ತವೆ. ಸೊಗಡಿನ ಕಾಲದಲ್ಲಿ ಅವರೆಯನ್ನೇ ಬಿಡಿ ಎನ್ನಲು ನನಗೆ ಮನಸ್ಸಾಗಲಿಲ್ಲ, ರಾತ್ರಿ ಬೇಡ, ಮಧ್ಯಾಹ್ನ ಒಂದಿಷ್ಟು ಸಾಕು ಎಂದೆ. ತಿಂದದ್ದು, ನೋವು, ಆ ದಿನದ ಆತಂಕ ಮೂರನ್ನೂ ಮೂರು ವಾರ ಬರೆದಿಡಬೇಕು. ಮಾತ್ರೆಯ ವಿಷಯವನ್ನು ವೈದ್ಯರನ್ನೇ ಕೇಳಲು ಕಳಿಸಿದೆ.

ಬಸ್ಸಿನ ಭಯಕ್ಕೆ ಬೇರೆ ಅಭ್ಯಾಸ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಮೊದಲ ಭಾನುವಾರ ಗಂಡನ ಜೊತೆ ಹಗರೆವರೆಗೆ, ಮುಂದಿನ ವಾರ ಹಾಸನದವರೆಗೆ, ಆಮೇಲೆ ಒಬ್ಬರೇ. ಪಾಠದ ನಡುವೆ ಎದ್ದು ಹೋಗಲು ಮುಖ್ಯಶಿಕ್ಷಕಿಯ ಒಪ್ಪಿಗೆ ಪಡೆಯಿರಿ ಎಂದಿದ್ದೆ. ಒಪ್ಪಿಗೆ ಸಿಕ್ಕ ಮೇಲೆ ಎದ್ದು ಹೋಗಬೇಕಾಗಿ ಬಂದದ್ದು ಎರಡೇ ಸಲ.

ಈಗಲೂ ತಿಂಗಳಿಗೆ ಒಂದೆರಡು ಬಾರಿ ಹೊಟ್ಟೆ ಹಿಡಿಯುತ್ತದೆ, ಆದರೆ ರಜೆ ಹಾಕಿಲ್ಲ. ಆರನೇ ಭೇಟಿಗೆ ಅತ್ತೆಯೂ ಬಂದಿದ್ದರು. ಎಲ್ಲ ಮುಗಿದು ಏಳುವಾಗ ಮೆಲ್ಲಗೆ ಕೇಳಿದರು: "ನಂಗೂ ಒಂದು ವರ್ಷದಿಂದ ಹಿಂಗೇ ಆಗ್ತದೆ ಮೇಡಂ, ಯಾರಿಗೂ ಹೇಳಿಲ್ಲ. ಇದೂ ಅದೇನಾ?"

"ನಿಮಗೆ ಐವತ್ತು ದಾಟಿದೆಯಲ್ಲಮ್ಮ, ನಾನು ಹೇಳುವ ಹಾಗಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ" ಎಂದೆ. ಸೊಸೆ ಅಲ್ಲೇ ಫೋನ್ ತೆಗೆದು ಆಸ್ಪತ್ರೆಗೆ ಹೋಗುವ ದಿನ ಗುರುತು ಮಾಡಿಕೊಂಡರು.