ಓದುಗರ ಪ್ರಶ್ನೆ: ಊರಿಗೊಂದು ಕಲಾ ಪರಿಷತ್ತು ಏಕೆ, ಹೇಗೆ?

ಪ್ರಶ್ನೆ: ನಮ್ಮ ಊರಿನಲ್ಲಿ ಮೂರು ಹವ್ಯಾಸಿ ನಾಟಕ ತಂಡಗಳಿವೆ. ಹತ್ತಾರು ಚಿತ್ರಕಲಾವಿದರೂ ಸಂಗೀತ ಕಲಿಸುವವರೂ ಇದ್ದಾರೆ. ಸುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಮತ್ತು ಕೋಲಾಟದವರು ಬಹಳ ಮಂದಿ ಇದ್ದಾರೆ. ಇವರೆಲ್ಲರ ಪರವಾಗಿ ಒಂದು ಕಲಾ ಪರಿಷತ್ತನ್ನು ಕಟ್ಟಬೇಕೆಂದು ಕೆಲವರು ಸೇರಿ ಯೋಚಿಸಿದ್ದೇವೆ. ವರ್ಷಕ್ಕೊಂದು ದೊಡ್ಡ ಉತ್ಸವ ಮಾಡಿದರೆ ಸಾಕೆಂದು ಹೆಚ್ಚಿನವರು ಹೇಳುತ್ತಿದ್ದಾರೆ. ತಮ್ಮ ಅಭಿಪ್ರಾಯವೇನು? (ಓದುಗರೊಬ್ಬರು, ಹಾಸನ)

ಉತ್ತರ: ಉತ್ಸವ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮೊದಲ ವರ್ಷವೇ ಉತ್ಸವಕ್ಕೆ ಕೈಹಾಕಿದ ಸಂಘಗಳು ಶಾಮಿಯಾನದ ಬಾಕಿ ತೀರಿಸುವುದರಲ್ಲಿಯೇ ಎರಡನೆಯ ವರ್ಷವನ್ನು ಕಳೆದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ನೋಡಿದ್ದೇನೆ. ಪ್ರದರ್ಶನದ ದಿನ ಕಲಾವಿದನಿಗೆ ಹೇಗೋ ಹತ್ತು ಜನ ಸಿಕ್ಕುತ್ತಾರೆ. ಪ್ರದರ್ಶನವಿಲ್ಲದ ಉಳಿದ ದಿನಗಳಲ್ಲಿ ಅವನ ಕಡೆ ನೋಡುವವರು ಯಾರು ಎಂಬ ಪ್ರಶ್ನೆಯಿಂದ ನೀವು ಹೊರಟರೆ, ಪರಿಷತ್ತು ಮಾಡಬೇಕಾದ ಕೆಲಸಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

ಇದಕ್ಕೆ ಉಡುಪಿಯ ಯಕ್ಷಗಾನ ಕಲಾರಂಗವನ್ನು ಉದಾಹರಣೆಯಾಗಿ ನೋಡಬಹುದು. 1975ರಲ್ಲಿ ಹುಟ್ಟಿದ ಈ ಸಂಸ್ಥೆ ಮೇಳ ಕಟ್ಟಿ ತಿರುಗಾಟ ಮಾಡಲಿಲ್ಲ. ಮೇಳಗಳಲ್ಲಿ ದುಡಿಯುವವರ ಬೆನ್ನಿಗೆ ನಿಂತಿತು. ಕರಾವಳಿಯ ಮೇಳಗಳು ಮೇ ತಿಂಗಳ ಕೊನೆಯ ವಾರ ಬರುವ ಪತ್ತನಾಜೆ ಎಂಬ ದಿನ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿಯ ಸುಮಾರಿಗೆ. ನಡುವಿನ ಮಳೆಗಾಲದಲ್ಲಿ ವೇಷಧಾರಿಗೂ ಮದ್ದಲೆಗಾರನಿಗೂ ಮೇಳದ ಸಂಬಳವಿಲ್ಲ. ಮಕ್ಕಳ ಶಾಲೆ ತೆರೆಯುವುದೂ ಮನೆಯ ಮಾಡು ಸೋರತೊಡಗುವುದೂ ಅದೇ ಹೊತ್ತಿಗೆ. ಕಲಾರಂಗ ಗಮನ ಕೊಟ್ಟದ್ದು ಈ ತಿಂಗಳುಗಳಿಗೆ. ಕಲಾವಿದರ ಕ್ಷೇಮಕ್ಕಾಗಿ ಯಕ್ಷನಿಧಿ, ಬಡ ವಿದ್ಯಾರ್ಥಿಗಳ ಓದಿಗಾಗಿ ವಿದ್ಯಾಪೋಷಕ್, ಇವೆರಡರ ಜೊತೆಗೆ ದಾನಿಗಳ ನೆರವಿನಿಂದ ಮನೆ ಕಟ್ಟಿಸಿಕೊಡುವ ಕೆಲಸವನ್ನೂ ಅದು ಕೈಗೆತ್ತಿಕೊಂಡಿತು. ಯಕ್ಷಶಿಕ್ಷಣ ಟ್ರಸ್ಟಿನ ಜೊತೆಗೂಡಿ ಪ್ರೌಢಶಾಲೆಯ ಮಕ್ಕಳಿಗೆ ಯಕ್ಷಗಾನ ಕಲಿಸುವ ವ್ಯವಸ್ಥೆಯೂ ನಡೆಯುತ್ತ ಬಂದಿದೆ. ಶಾಲೆಗೆ ಹೋಗಿ ಕಲಿಸುವ ಗುರುವಿಗೆ ಅದೊಂದು ಆದಾಯವಾಗುತ್ತದೆ. ಕುಣಿದು ಕಲಿತ ಮಕ್ಕಳು ಮುಂದೆ ಟಿಕೆಟು ಕೊಂಡು ಆಟ ನೋಡುವ ಪ್ರೇಕ್ಷಕರಾಗುತ್ತಾರೆ.

ಉಡುಪಿಯ ಅದೃಷ್ಟವೆಂದರೆ ಎಲ್ಲ ಭಾರವೂ ಒಂದೇ ಸಂಸ್ಥೆಯ ಮೇಲೆ ಬೀಳಲಿಲ್ಲ. ನಾಟಕ ಸ್ಪರ್ಧೆಯನ್ನು 1965ರಲ್ಲಿ ಆರಂಭವಾದ ರಂಗಭೂಮಿ ಸಂಸ್ಥೆ ನೋಡಿಕೊಂಡಿತು. ಗುರುಕುಲದ ಕ್ರಮದಲ್ಲಿ ಯಕ್ಷಗಾನ ಕಲಿಸಲು ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಬಂತು. ನಿಮ್ಮ ಊರಿನಲ್ಲಿಯೂ ಈಗಾಗಲೇ ಯಾರೋ ಚೆನ್ನಾಗಿ ಮಾಡುತ್ತಿರುವ ಕೆಲಸವನ್ನು ಪರಿಷತ್ತು ಮತ್ತೊಮ್ಮೆ ಮಾಡಲು ಹೋಗಬಾರದು.

ಹಾಸನದ ಕಡೆಗೆ ಮಳೆಗಾಲದ ಲೆಕ್ಕ ಬೇರೆಯಾದರೂ ಕಷ್ಟ ಅಂಥದೇ. ನಿಮ್ಮ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಪಾತ್ರಧಾರಿಗಳೇ ಕೈಯಿಂದ ಹಣ ಹಾಕಿ ಪಾತ್ರ ಮಾಡುತ್ತಾರೆ. ದುರ್ಯೋಧನನಾಗುವವನು ದ್ವಾರಪಾಲಕನಿಗಿಂತ ಹೆಚ್ಚು ಕೊಡಬೇಕು. ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸಿ, ಕಂದಪದ್ಯದ ಒಂದೊಂದು ಸಾಲನ್ನೂ ಹಾರ್ಮೋನಿಯಂ ಹಿಡಿದು ಬಾಯಿಪಾಠ ಮಾಡಿಸುವ ಮಾಸ್ತರರ ಬದುಕು ಈ ಹಣದ ಮೇಲೆ ನಿಂತಿದೆ. ಸುಗ್ಗಿ ಮುಗಿದ ಮೇಲಿನ ನಾಲ್ಕಾರು ತಿಂಗಳು ಅವರಿಗೆ ಬಿಡುವಿಲ್ಲ. ಬಿತ್ತನೆ ಶುರುವಾದರೆ ಕರೆಯುವವರಿಲ್ಲ. ಅಂಥ ಮಾಸ್ತರರನ್ನು ಆಗಸ್ಟ್ ತಿಂಗಳಲ್ಲಿ ನಗರದ ಎರಡು ಶಾಲೆಗಳಿಗೆ ಗೌರವಧನದ ಮೇಲೆ ಕರೆಸಿ ರಂಗಗೀತೆ ಕಲಿಸುವುದು ಪರಿಷತ್ತಿನ ಮೊದಲ ಕಾರ್ಯಕ್ರಮವಾಗಲಿ. ಅದಕ್ಕೆ ಶಾಮಿಯಾನ ಬೇಕಾಗುವುದಿಲ್ಲ.

ಎರಡನೆಯದು ಸಾಮಾನು. ಒಂದು ಜಿಲ್ಲಾ ಕೇಂದ್ರದಲ್ಲಿ ನಾಟಕ ನೋಡಲು ಹೋಗಿದ್ದಾಗ, ರಂಗದ ಬೆಳಕನ್ನು ಏರಿಳಿಸಲು ಬೆಂಗಳೂರಿನಿಂದ ಬಾಡಿಗೆಗೆ ತರಿಸಿದ ಡಿಮ್ಮರ್ ಸಂಜೆ ಆರಕ್ಕೆ ಕೈಕೊಟ್ಟು, ತಂಡದವರು ಎರಡು ಹ್ಯಾಲೊಜೆನ್ ದೀಪಗಳನ್ನು ಹಚ್ಚಿ ಆಟ ಮುಗಿಸಿದ್ದನ್ನು ಕಂಡೆ. ಅದೇ ಊರಿನ ಇನ್ನೆರಡು ತಂಡಗಳೂ ಆ ವರ್ಷ ಬೆಂಗಳೂರಿಗೇ ಬಾಡಿಗೆ ಕಟ್ಟಿದ್ದವೆಂದು ಆಮೇಲೆ ತಿಳಿಯಿತು. ಹನ್ನೆರಡು ಲೈಟು, ಒಂದು ಡಿಮ್ಮರ್, ಕಪ್ಪು ಪರದೆಗಳ ಒಂದು ಜೊತೆ ಮತ್ತು ಇವನ್ನೆಲ್ಲ ಬಲ್ಲ ಒಬ್ಬ ಹುಡುಗ, ಇಷ್ಟು ಪರಿಷತ್ತಿನ ಕೈಯಲ್ಲಿದ್ದರೆ ಮೂರು ತಂಡಗಳ ಖರ್ಚೂ ತಗ್ಗುತ್ತದೆ, ಆ ಹುಡುಗನಿಗೂ ಒಂದು ಕಸುಬು ಕೈಹತ್ತುತ್ತದೆ.

ಪ್ರಶ್ನೆ: ಸರ್ಕಾರದ ಅನುದಾನವನ್ನು ನಂಬಿಕೊಂಡು ಇಂಥ ಸಂಸ್ಥೆಯನ್ನು ನಡೆಸಬಹುದೇ? ನೋಂದಣಿ ಮಾಡಿಸುವುದು ಕಡ್ಡಾಯವೇ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ನಾಲ್ಕು ಜನ ಸೇರಿ ಹಾಡಿ ಕುಣಿಯುವುದಕ್ಕೆ ನೋಂದಣಿಯ ಅಗತ್ಯವಿಲ್ಲ. ಬೇರೆಯವರ ಹಣವನ್ನು ಮುಟ್ಟುವುದಾದರೆ ಮಾಡಿಸಿಯೇ ತೀರಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನರಿದ್ದರೆ ಸಂಘವಾಗುತ್ತದೆ. ಕಷ್ಟವಿರುವುದು ಅನಂತರದಲ್ಲಿ: ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕಪರಿಶೋಧನೆ ಮಾಡಿಸಿ, ಪದಾಧಿಕಾರಿಗಳ ಪಟ್ಟಿಯೊಂದಿಗೆ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ನಾಲ್ಕೈದು ವರ್ಷ ಇದನ್ನು ಮರೆತು, ಅನುದಾನದ ಅರ್ಜಿ ಹಾಕುವ ವಾರ ಎಲ್ಲವನ್ನೂ ಒಟ್ಟಿಗೆ ಬರೆದು ಮುಗಿಸಲು ಓಡಾಡುವ ಕಾರ್ಯದರ್ಶಿಗಳು ನಮ್ಮ ನಾಡಿನಲ್ಲಿ ಕಡಿಮೆಯೇನಿಲ್ಲ.

ಅನುದಾನವನ್ನು ಕೇಳುವುದರಲ್ಲಿ ಸಂಕೋಚ ಬೇಡ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ. ನಾಟಕ, ಸಂಗೀತ ನೃತ್ಯ, ಲಲಿತಕಲೆ, ಜಾನಪದ, ಯಕ್ಷಗಾನ, ಬಯಲಾಟ ಹೀಗೆ ಬೇರೆ ಬೇರೆ ಅಕಾಡೆಮಿಗಳೂ ಇವೆ. ಆದರೆ ಅನುದಾನ ಸಾಮಾನ್ಯವಾಗಿ ಕಾರ್ಯಕ್ರಮ ಮುಗಿದ ಎಷ್ಟೋ ತಿಂಗಳ ಮೇಲೆ ಕೈಸೇರುವುದರಿಂದ, ಮುಂಗಡ ಖರ್ಚಿಗೆ ಊರಿನ ಹಣವೇ ಬೇಕು. ಈ ವಿಚಾರದಲ್ಲಿ ಹೊರದೇಶದ ಒಂದು ಪದ್ಧತಿ ನಮಗೆ ಒಗ್ಗುತ್ತದೆ. ಅಮೆರಿಕದ ವಿನ್‌ಸ್ಟನ್-ಸೇಲಂ ನಗರದಲ್ಲಿ 1949ರಲ್ಲಿ ಹುಟ್ಟಿದ ಕಲಾ ಪರಿಷತ್ತು ಆ ದೇಶದ ಅತ್ಯಂತ ಹಳೆಯ ಸ್ಥಳೀಯ ಪರಿಷತ್ತುಗಳಲ್ಲಿ ಒಂದು. ಅಲ್ಲಿ ಕಲಾ ಸಂಸ್ಥೆಗಳ ಪರವಾಗಿ ಪರಿಷತ್ತೇ ಒಟ್ಟಾಗಿ ಚಂದಾ ಎತ್ತಿ ಹಂಚುವ ರೂಢಿ ಬೆಳೆಯಿತು. (ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿದ್ದೂ ಅದೇ 1949ರಲ್ಲಿ ಎಂಬುದು ಕೇವಲ ಕಾಕತಾಳೀಯ, ಆದರೂ ನೆನೆದಾಗಲೆಲ್ಲ ಖುಷಿಯಾಗುತ್ತದೆ.) ನಿಮ್ಮ ಊರಿನ ಬಟ್ಟೆ ಅಂಗಡಿಯ ಯಜಮಾನರ ಬಳಿ ಒಂದೇ ವರ್ಷದಲ್ಲಿ ಐದು ತಂಡಗಳು ರಸೀದಿ ಪುಸ್ತಕ ಹಿಡಿದು ಹೋದರೆ, ಐದನೆಯವರಿಗೆ ಸಿಕ್ಕುವುದು ಕಾಫಿ ಮಾತ್ರ. ವರ್ಷಕ್ಕೊಮ್ಮೆ ಎಲ್ಲರ ಪರವಾಗಿ ಒಬ್ಬರೇ ಹೋಗಿ, ಕಳೆದ ವರ್ಷದ ಲೆಕ್ಕದ ಪತ್ರವನ್ನು ಮುಂದಿಟ್ಟು ಕೇಳುವುದು ಇಬ್ಬರಿಗೂ ಗೌರವದ ಮಾತು. ದಾನಿಗಳಿಗೆ 80ಜಿ ಎಂದು ಎಲ್ಲರೂ ಕರೆಯುವ ತೆರಿಗೆ ರಿಯಾಯಿತಿ ಸಿಗಬೇಕಾದರೆ ಸಂಸ್ಥೆ ಅದಕ್ಕೆ ಬೇರೆಯಾಗಿ ನೋಂದಣಿ ಪಡೆದಿರಬೇಕು. 2,000 ರೂಪಾಯಿಗೆ ಮೇಲ್ಪಟ್ಟ ನಗದು ದಾನಕ್ಕೆ ಆ ರಿಯಾಯಿತಿ ಇಲ್ಲವಾದುದರಿಂದ ದೊಡ್ಡ ಮೊತ್ತವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ.

ಹಣ ಬೇಡದ ಒಂದು ಕೆಲಸವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ವಯಸ್ಸಾದ ಕಲಾವಿದರು ಸರ್ಕಾರದ ಮಾಸಾಶನಕ್ಕೆ ಅರ್ಜಿ ಹಾಕುವಾಗ ತಮ್ಮ ಕಲಾಸೇವೆಗೆ ದಾಖಲೆ ಒದಗಿಸಬೇಕು. ಮೂವತ್ತು ವರ್ಷ ತಮಟೆ ಬಾರಿಸಿದವರ ಮನೆಯಲ್ಲಿ ಒಂದು ಕರಪತ್ರವೂ ಉಳಿದಿರುವುದಿಲ್ಲ; ಉಳಿದದ್ದನ್ನು ಗೆದ್ದಲು ತಿಂದಿರುತ್ತದೆ. ಊರಿನಲ್ಲಿ ನಡೆಯುವ ಪ್ರತಿಯೊಂದು ಕಾರ್ಯಕ್ರಮದ ಕರಪತ್ರ, ಫೋಟೋ ಮತ್ತು ಭಾಗವಹಿಸಿದವರ ಪಟ್ಟಿಯನ್ನು ಪರಿಷತ್ತು ಒಂದು ಬೀರುವಿನಲ್ಲಿ ತಾರೀಖಿನ ಪ್ರಕಾರ ಇಟ್ಟುಕೊಂಡು ಬಂದರೆ, ಹತ್ತು ವರ್ಷಗಳ ನಂತರ ಆ ಬೀರು ಎಷ್ಟೋ ಮನೆಗಳ ಒಲೆ ಉರಿಸುತ್ತದೆ.

ಪ್ರಶ್ನೆ: ಪರಿಷತ್ತಿನ ಸಮಿತಿಯಲ್ಲಿ ಕಲಾವಿದರೇ ಇರಬೇಕೆ, ಇತರರೂ ಇರಬಹುದೇ? ನಮ್ಮಲ್ಲಿ ಇದೇ ವಿಷಯಕ್ಕೆ ಜಗಳವಾಗಿ ಎರಡು ಪರಿಷತ್ತುಗಳಾಗಿವೆ. (ಓದುಗರೊಬ್ಬರು, ಶಿರಸಿ)

ಉತ್ತರ: ಇಬ್ಬರೂ ಇರಲಿ. ಲೆಕ್ಕ ಬಲ್ಲ ಒಬ್ಬರು, ಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ಹಾಗೂ ತಪ್ಪದೆ ಎಲ್ಲ ಕಾರ್ಯಕ್ರಮಗಳಿಗೆ ಬಂದು ಕೂರುವ ಪ್ರೇಕ್ಷಕರೊಬ್ಬರು ಸಮಿತಿಯಲ್ಲಿದ್ದರೆ ಕಲಾವಿದರಿಗೇ ಅನುಕೂಲ. ತಮ್ಮ ತಂಡದ ಅರ್ಜಿ ಚರ್ಚೆಗೆ ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಬೇಕೆಂದು ನಿಯಮಾವಳಿಯಲ್ಲಿಯೇ ಬರೆದಿಡಿ. ಬಾಯಿಮಾತಿನ ಒಪ್ಪಂದ ಮೊದಲ ಅರ್ಜಿಯವರೆಗೂ ಉಳಿಯುವುದಿಲ್ಲ. ಒಡೆದು ಎರಡಾದ ಪರಿಷತ್ತುಗಳನ್ನು ಈಗಲೇ ಕೂಡಿಸಲು ಹೋಗದೆ, ಲೈಟು ಮತ್ತು ಪರದೆಗಳನ್ನು ಎರಡೂ ಕಡೆಯವರು ಸೇರಿ ಕೊಳ್ಳುವ ಮಾತಿನಿಂದ ಆರಂಭಿಸಿ. ಅದನ್ನು ಇಡುವ ಕೋಣೆಯ ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಮಾತ್ರ ಕೊಳ್ಳುವ ಮೊದಲೇ ತೀರ್ಮಾನಿಸಿಕೊಳ್ಳಿ.